ಎರಡನೇ ಬಟನ್

ಗರಾಜಿನಿಂದ ಆ ಸದ್ದು ಬಂದಾಗ ಕುಮುದಾ ಒಗ್ಗರಣೆಗೆ ಸಾಸಿವೆ ಹಾಕುವವಳಿದ್ದಳು. ಚಮಚವನ್ನು ಹಾಗೇ ಗಾಳಿಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಒಲೆಯ ಉರಿ ಸಣ್ಣದು ಮಾಡಿದಳು. ಸಾಸಿವೆ ಸಿಡಿದರೆ ಅದು ಕೇಳಿಸುವುದಿಲ್ಲ. ಗೋಡೆಯಾಚೆ ಹಳೆಯ ಕಾರಿನ ಡ್ರೈವರ್ ಸೀಟು ಸರಿಯುತ್ತಿತ್ತು. ಮೊದಲು ಹಿಂದಕ್ಕೆ ಹೋಗುವ ಉದ್ದನೆಯ ಜುಂಯ್, ಆಮೇಲೆ ಸೀಟು ತಗ್ಗುವ ಇನ್ನೊಂದು, ಕೊನೆಗೆ ಬೆನ್ನಿನ ಭಾಗ ಒರಗುವಾಗಿನ ಸಣ್ಣ ನರಳು. ಟಕ್ ಎಂದು ನಿಂತಿತು. ಅದು ನಿಂತ ಮೇಲೆ ಅವಳು ಸಾಸಿವೆ ಹಾಕಿದಳು.

ಆ ಕಾರಿನ ಬಾಗಿಲಿನ ಒಳಬದಿಗೆ ಎರಡು ಬಟನ್‌ಗಳಿದ್ದವು. ಒಂದನ್ನು ಒತ್ತಿದರೆ ಸೀಟು ಕುಮುದಾಳ ಅಳತೆಗೆ ಬರುತ್ತಿತ್ತು. ಈಗ ಅವಳಷ್ಟೇ ಎತ್ತರಕ್ಕೆ ಬೆಳೆದಿದ್ದ ಮಗಳು ದಿಯಾಳಿಗೂ ಅದೇ ಸರಿಹೋಗುತ್ತಿತ್ತು. ಎರಡನೆಯದನ್ನು ಒತ್ತಿದರೆ ಗಂಡ ಜಯಂತನ ಅಳತೆ. ಜಯಂತ ಉದ್ದ ಕಾಲಿನವನು. ಸೀಟು ಹಿಂದೆ ಹೋಗಿ, ತಗ್ಗಿ, ಒಂದಿಷ್ಟು ಒರಗಿದರೆ ಮಾತ್ರ ಅವನಿಗೆ ಸಮಾಧಾನ. ಅವನು ತೀರಿಕೊಂಡು ವರ್ಷವಾಗಿತ್ತು. ಈ ದೇಶದಲ್ಲಿ ಹೈಸ್ಕೂಲಿನ ಮಕ್ಕಳೂ ಕಾರು ಓಡಿಸುತ್ತಾರೆ. ದಿಯಾ ದಿನವೂ ಸ್ಕೂಲಿನಿಂದ ಕಾರು ಓಡಿಸಿಕೊಂಡು ಬಂದು ಗರಾಜಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಎರಡನೇ ಬಟನ್ ಒತ್ತುತ್ತಾಳೆ. ಪೆಡಲ್‌ಗಳು ಕಾಲಿಗೆ ಎಟುಕದಷ್ಟು ಹಿಂದೆ ಹೋಗಿ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಾಳೆ. ಇದು ಅಮ್ಮನಿಗೆ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು. ಗೊತ್ತಿದೆಯೆಂದು ಕುಮುದಾಳೂ ತೋರಿಸಿಕೊಂಡಿರಲಿಲ್ಲ. ಒಮ್ಮೆ ಅಕ್ಕಿಯ ಚೀಲಕ್ಕೆಂದು ಗರಾಜಿನ ಬಾಗಿಲು ತೆರೆದವಳು, ಸೀಟಿನ ಮೇಲೆ ಮಗಳ ತಲೆಯ ತುದಿಯಷ್ಟೇ ಕಾಣುವುದನ್ನು ನೋಡಿ, ಸದ್ದಾಗದಂತೆ ಬಾಗಿಲು ಮುಚ್ಚಿ ಬರಿಗೈಯಲ್ಲಿ ಒಳಗೆ ಬಂದಿದ್ದಳು.

ಇವತ್ತು ದಿಯಾ ದಿನಕ್ಕಿಂತ ಹೆಚ್ಚು ಹೊತ್ತು ಕೂತಳು. ಸಾರು ಕುದಿದು, ಕೊತ್ತಂಬರಿ ಬಿದ್ದು, ಮುಚ್ಚಳ ಹಾಕಿದ ಮೇಲೆ ಒಳಗೆ ಬಂದಳು. ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು, "ಫೇಲ್ ಆಯ್ತು," ಅಂದಳು.

"ಏನಂದ್ರು ಟೆಸ್ಟಿಂಗ್‌ನವರು?"

"ಇಂಜಿನ್ ಲೈಟ್ ಆನ್ ಇದ್ಯಲ್ಲ, ಅದಕ್ಕೆ ಹೊಗೆ ಟೆಸ್ಟ್ ಪಾಸ್ ಆಗಲ್ವಂತೆ. ಇ.ಜಿ.ಆರ್. ವಾಲ್ವ್ ಕಟ್ಕೊಂಡಿದೆ. ಐ ನ್ಯೂ ಇಟ್."

"ಕೈ ತೊಳ್ಕೊಂಡು ಬಾ ಪುಟ್ಟಾ. ಬಿಸಿ ಇದೆ."

ದಿಯಾ ಕೈ ತೊಳೆಯಲು ಹೋಗಲಿಲ್ಲ. "ಅಮ್ಮ, ಇರಣ್ಣ ಅಂಕಲ್ ಮಾರ್ಬಿಡಿ ಅಂದ್ರು ಅಂತ ಕಾರನ್ನ ಕೊಟ್ಬಿಡಬೇಡ, ಪ್ಲೀಸ್."

"ಕೊಡ್ತೀನಿ ಅಂತ ನಾನು ಯಾವಾಗ ಅಂದೆ?"

"ಯು ಸೆಡ್, ಪಾಸ್ ಆಗದೆ ಇದ್ರೆ ನೋಡೋಣ ಅಂತ. ನಿನ್ನ 'ನೋಡೋಣ' ಅಂದ್ರೆ ಏನು ಅಂತ ನಂಗೊತ್ತು. ನಾಯಿಮರಿ ಬೇಕು ಅಂದಾಗ್ಲೂ ನೋಡೋಣ ಅಂದಿದ್ದೆ."

ಕುಮುದಾಳಿಗೆ ನಗು ಬಂತು. ದಿಯಾ ನಗಲಿಲ್ಲ. ತಟ್ಟೆಯ ಅಂಚನ್ನು ಬೆರಳಿನಿಂದ ತಿರುಗಿಸುತ್ತ, ಮೆಲ್ಲಗೆ, "ಅಪ್ಪ ಎವ್ರಿ ಇಯರ್ ಕ್ಲೀನ್ ಮಾಡ್ತಿದ್ರು. ಲಾಸ್ಟ್ ಇಯರ್ ನಾವು ಮಾಡ್ಲಿಲ್ಲ. ಅಷ್ಟೇ," ಅಂದಳು.

ಅದು ನಿಜವೇ. ಜಯಂತನಿಗೆ ಆಯುಧಪೂಜೆಯೆಂದರೆ ಕಾರಿಗೆ ನೀರು ಹೊಯ್ದು ಕುಂಕುಮ ಹಚ್ಚುವುದಲ್ಲ. "ಹೊರಗೆ ತೊಳೆದ್ರೆ ಯಾರಿಗೆ ಬಂತು? ಒಳಗಿನ ಮಸಿ ಯಾರು ತೆಗೀತಾರೆ?" ಅನ್ನುತ್ತಿದ್ದ. ಹಬ್ಬದ ಹಿಂದಿನ ವಾರ ಬಾನೆಟ್ ಎತ್ತಿ ಎರಡು ವಾಲ್ವ್‌ಗಳನ್ನು ಬಿಚ್ಚುತ್ತಿದ್ದ. ಒಂದು, ಇಂಜಿನ್ ಉಗುಳಿದ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್‌ಗೇ ಕುಡಿಸುವ ಇ.ಜಿ.ಆರ್. ಇನ್ನೊಂದು, ಹೆಬ್ಬೆರಳಿನಷ್ಟೇ ಇರುವ ಪಿ.ಸಿ.ವಿ. ಅದನ್ನು ತೊಳೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಅಂದರೆ ಚೊಕ್ಕಟವಾಗಿದೆ. ದಿಯಾ ಪುಟ್ಟವಳಿದ್ದಾಗ ಅದನ್ನು ಗಿಲಕಿ ಎಂದು ಕರೆಯುತ್ತಿದ್ದಳು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಅಪ್ಪನಿಗೆ ಟಾರ್ಚು ಹಿಡಿಯುತ್ತಿದ್ದಳು. ಕುಮುದಾ ಮಾತ್ರ ಅದನ್ನು ಒಮ್ಮೆಯೂ ನಿಂತು ನೋಡಿದವಳಲ್ಲ. ಹಬ್ಬದ ಅಡುಗೆಯ ತಯಾರಿಯಲ್ಲಿ ಅವಳು ಒಳಗಿರುತ್ತಿದ್ದಳು. ಗರಾಜಿನಿಂದ ಗಲಗಲ ಕೇಳಿಸಿದ ಕೂಡಲೇ ಕಾಫಿಗೆ ಹಾಲಿಡುತ್ತಿದ್ದಳು. ಇನ್ನೈದು ನಿಮಿಷಕ್ಕೆ ಮೊಣಕೈತನಕ ಕಪ್ಪು ಮಾಡಿಕೊಂಡು ಇಬ್ಬರೂ ಒಳಗೆ ಬರುವವರೇ.

ಹೋದ ವರ್ಷ ನವರಾತ್ರಿಗೆ ಹದಿನೈದು ದಿನವಿರುವಾಗ ಅವನು ಹೋದ. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ದೀಪಾವಳಿಯಿಲ್ಲ, ಯುಗಾದಿಯಿಲ್ಲ. ಆಯುಧಪೂಜೆಯ ದಿನ ಗರಾಜಿನ ಬಾಗಿಲೇ ತೆಗೆಯಲಿಲ್ಲ. ಪೂಜೆ ನಿಂತಿತು, ಪೂಜೆಗೆ ಅಂಟಿಕೊಂಡಿದ್ದ ಈ ಕೆಲಸವೂ ನಿಂತಿತು. ಯಾರಿಗೂ ಹೊಳೆಯಲಿಲ್ಲ. ಬೇಸಿಗೆಯಲ್ಲಿ ಕಾರು ಸಿಗ್ನಲ್‌ಗಳಲ್ಲಿ ನಡುಗತೊಡಗಿತು. ಆಮೇಲೆ ಹಳದಿ ದೀಪ ಹತ್ತಿತು. ಈಗ ಮುಂದಿನ ತಿಂಗಳ ಕೊನೆಗೆ ರಿಜಿಸ್ಟ್ರೇಷನ್ ಮುಗಿಯುತ್ತದೆ. ಅಷ್ಟರೊಳಗೆ ಹೊಗೆ ಪರೀಕ್ಷೆ ಪಾಸಾಗದಿದ್ದರೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ರಿಪೇರಿ ಅಂಗಡಿಯವನು ಬಾನೆಟ್ಟನ್ನೂ ಎತ್ತದೆ, ಇಷ್ಟು ಹಳೆಯ ಗಾಡಿಗೆ ಖರ್ಚು ಮಾಡಬೇಡಿ ಎಂದಿದ್ದ. ಮುಂದಿನ ವರ್ಷ ಕಾಲೇಜಿಗೆ ಆಸ್ಟಿನ್‌ಗೆ ಹೋಗುವಾಗ ಇದೇ ಕಾರಿನಲ್ಲಿ ಹೋಗುವೆನೆಂದು ದಿಯಾ ಹಟ ಹಿಡಿದಿದ್ದಳು. ಕುಮುದಾ ಬುದ್ಧಿ ಹೇಳಲು ನೋಡಿದ್ದಳು. ಆದರೆ ಯಾರೋ ಬಂದು ಅದನ್ನು ಸರಪಳಿ ಕಟ್ಟಿ ಎಳೆದುಕೊಂಡು ಹೋದ ಮೇಲೆ, ಸಂಜೆ ನಾಲ್ಕಕ್ಕೆ ಅಡುಗೆಮನೆಯಲ್ಲಿ ನಿಂತು ತಾನು ಏನನ್ನು ಕೇಳಿಸಿಕೊಳ್ಳುವುದು ಎಂಬುದು ಅವಳಿಗೂ ತೋಚಿರಲಿಲ್ಲ.

ಮಗಳು ತಟ್ಟೆ ತೊಳೆದಿಟ್ಟು ಮೇಲೆ ಹೋದ ಮೇಲೆ ಅವಳು ಇರಣ್ಣನಿಗೆ ಫೋನ್ ಮಾಡಿದಳು.

ಶನಿವಾರ ಬೆಳಗ್ಗೆ ದಿಯಾ ಮಾರ್ಚಿಂಗ್ ಬ್ಯಾಂಡಿನ ಸ್ಪರ್ಧೆಗೆಂದು ಗೆಳತಿಯ ಜೊತೆ ಹೋದಳು. ಅವಳು ಬರುವುದರೊಳಗೆ ಮುಗಿಸಿಬಿಡಬೇಕೆಂದು ಕುಮುದಾಳ ಆಸೆ. ದೀಪ ಆರಿದ ಕಾರನ್ನು ನೋಡಿದಾಗ ಮಗಳ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು.

ಇರಣ್ಣ ಗದಗಿನ ಕಡೆಯವನು. ಜಯಂತನ ಆಫೀಸಿನವನೇ, ವಿಮಾನ ನಿಲ್ದಾಣದ ಪಕ್ಕದ ಈ ಯೂಲೆಸ್ ಊರಿನಲ್ಲೇ ಎರಡು ಬೀದಿ ಆಚೆ ಮನೆ. ಬಂದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ವೈನಿ, ನಿಮಗ ಗೊತ್ತಿಲ್ರಿ. ಇದು ಗಾಡಿ ಅಲ್ಲ, ಜಯಂತಣ್ಣನ ಎರಡನೇ ಹೆಂಡ್ತಿ. ಪಾರ್ಕಿಂಗ್ ಲಾಟಿನ್ಯಾಗ ಯಾರರ ಬಾಜೂ ಗಾಡಿ ನಿಲ್ಲಿಸಿದ್ರ ಮಾರಿ ಸಣ್ಣದ್ ಮಾಡ್ತಿದ್ದ."

"ಎರಡನೇದಲ್ಲ ಇರಣ್ಣ. ನಮ್ಮ ಮದುವೆಗಿಂತ ಮುಂಚೆ ತಗೊಂಡಿದ್ದು. ಎರಡನೇದು ನಾನು."

ಇರಣ್ಣ ಜೋರಾಗಿ ನಕ್ಕ. ಆಮೇಲೆ ನಕ್ಕಿದ್ದು ಸರಿಯೋ ತಪ್ಪೋ ಎನ್ನುವಂತೆ ಅವಳ ಮುಖ ನೋಡಿ ಬಾನೆಟ್ ಎತ್ತಿದ. ವಿಮಾನವೊಂದು ಮನೆಯ ಮಾಡಿಗೇ ತಾಗುವಂತೆ ಇಳಿದು ಹೋಯಿತು. ಅದರ ಸದ್ದು ಕಳೆಯುವ ತನಕ ಇಬ್ಬರೂ ಸುಮ್ಮನೆ ನಿಂತರು. ಈ ಊರಿನಲ್ಲಿ ಮಾತು ಹಾಗೆ ಅರ್ಧಕ್ಕೆ ನಿಂತು ಮತ್ತೆ ಮುಂದುವರಿಯುವುದು ಎಲ್ಲರಿಗೂ ರೂಢಿ.

ಜಯಂತನ ಟೂಲ್ ಬಾಕ್ಸ್ ಅವನು ಇಟ್ಟಲ್ಲೇ ಇತ್ತು. ಸ್ಪ್ಯಾನರ್‌ಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ. ಅದರಡಿಯಲ್ಲಿ ವೈರ್ ಬ್ರಷ್, ಸ್ಪ್ರೇ ಡಬ್ಬಿ, ಮತ್ತೆ ಒಂದು ಚೌಕನೆಯ ಪುಟ್ಟ ಬ್ಯಾಟರಿ. ಅದಕ್ಕೆ ಎರಡು ತಂತಿ ಸುತ್ತಿ, ತುದಿಗೆ ಒಂದು ಪ್ಲಗ್ಗು ಸೇರಿಸಿ, ಕಪ್ಪು ಟೇಪು ಹಚ್ಚಿತ್ತು. ದಿಯಾಳ ಹಳೆಯ ಯಾವುದೋ ಆಟಿಕೆಯದಿರಬೇಕೆಂದುಕೊಂಡು ಕುಮುದಾ ಅದನ್ನು ಎತ್ತಿ, ಬಟ್ಟೆ ಸೋಪಿನ ಪುಡಿಯಿದ್ದ ಶೆಲ್ಫಿನ ಮೇಲಿಟ್ಟಳು.

ಇರಣ್ಣ ಫೋನನ್ನು ರೇಡಿಯೇಟರಿನ ಮೇಲೆ ಒರಗಿಸಿ ವಿಡಿಯೊ ಹಚ್ಚಿದ್ದ. "ಮೊದಲ ಬ್ಯಾಟರಿ ವಾಯರ್ ತೆಗೀಬೇಕಂತ್ರಿ. ಚಲೋ ಆತು. ಒಂದ್ ಹದಿನೈದ್ ಮಿನಿಟ್ ಹಂಗ ಬಿಟ್ರ ಆ ಲೈಟೂ ತಾನ ಆರ್ತೈತಿ."

ಅವನ ಹೊಟ್ಟೆ ಅಡ್ಡ ಬರುತ್ತಿತ್ತು. ಕುಮುದಾಳೇ ಬಗ್ಗಿ ಸ್ಪ್ಯಾನರ್ ತಿರುಗಿಸಿ, ಕಪ್ಪು ತಂತಿಯನ್ನು ಬಿಡಿಸಿ ಪಕ್ಕಕ್ಕೆ ಸರಿಸಿದಳು. ಕಾರಿನೊಳಗೆ ಎಲ್ಲೋ ಟಿಕ್ ಎಂದು ಒಂದು ಸಣ್ಣ ಸದ್ದಾಯಿತು. ಅವಳು ತಲೆಯೆತ್ತಿ ನೋಡಿದಳು. ಏನೂ ಇರಲಿಲ್ಲ.

ಇ.ಜಿ.ಆರ್.ನ ಎರಡು ಬೋಲ್ಟುಗಳು ಸುಲಭಕ್ಕೆ ಬಗ್ಗಲಿಲ್ಲ. ಎಣ್ಣೆ ಬಿಟ್ಟು, ಕಾದು, ಇರಣ್ಣ ಹಲ್ಲು ಕಚ್ಚಿ ತಿರುವಿದ ಮೇಲೆ ಒಂದು ಕಿರ್ ಎಂದಿತು. ವಾಲ್ವ್ ಕೈಗೆ ಬಂದಾಗ ಅವನು ಅದನ್ನು ಬೆಳಕಿಗೆ ಹಿಡಿದು, "ಅಯ್ಯಯ್ಯ, ಕಾಡಿಗಿ ತುಂಬೇತಲ್ರಿ!" ಅಂದ.

ಕಾಡಿಗೆಯ ಹಾಗೇ ಇತ್ತು. ಕೊಳವೆಯ ಬಾಯಿ ಮುಚ್ಚುವಷ್ಟು ದಪ್ಪಗೆ, ಒಣಗಿ, ಮುಟ್ಟಿದರೆ ಬೆರಳಿಗೆ ರೇಷ್ಮೆಯಂತೆ ನುಣ್ಣಗೆ ಹತ್ತಿಕೊಂಡಿತು. ಕುಮುದಾ ಹಳೆಯ ಪೇಪರಿನ ಮೇಲೆ ಕೂತು ಅದನ್ನು ಕೆರೆಯತೊಡಗಿದಳು. ಜಯಂತ ಕೊನೆಯ ಸಲ ಇದನ್ನು ತೊಳೆದದ್ದು ಕಾಯಿಲೆ ಗೊತ್ತಾಗುವ ಮುಂಚಿನ ದಸರೆಗೆ. ಆಮೇಲಿನ ವರ್ಷ ಈ ಕಾರು ಓಡಿದ್ದೆಲ್ಲ ಹ್ಯೂಸ್ಟನ್ನಿನ ದಾರಿಯಲ್ಲಿ. ಆಸ್ಪತ್ರೆಗೆ ಹೋಗುವುದು, ಹ್ಯೂಸ್ಟನ್ನಿಗೆ ಅಂಟಿಕೊಂಡ ಮಿಸೌರಿ ಸಿಟಿಯಲ್ಲಿ ಅವನ ಗೆಳೆಯ ಬದರಿನಾಥನ ಮನೆಯಲ್ಲಿ ಉಳಿಯುವುದು, ಮತ್ತೆ ವಾಪಸು. ಅವಳೇ ಓಡಿಸುತ್ತಿದ್ದಳು. ಸೀಟ್ ಬೆಲ್ಟಿಗೂ ಹೊಟ್ಟೆಗೂ ನಡುವೆ ಒಂದು ದಿಂಬು ಇಟ್ಟುಕೊಂಡು ಅವನು ಪಕ್ಕದಲ್ಲಿ. ಮನೆ ತಲುಪಿದ ಕೂಡಲೇ, ಇಳಿಯುವುದಕ್ಕೂ ತ್ರಾಣವಿಲ್ಲದಿದ್ದರೂ, "ಎರಡು ಒತ್ಬಿಡು ಕುಮೂ. ನನ್ನ ಸೀಟು ನನ್ನ ಜಾಗದಲ್ಲಿರಲಿ," ಅನ್ನುತ್ತಿದ್ದ. ಬೆಳಗ್ಗೆ ಎದ್ದು ಆಫೀಸಿಗೆ ಹೊರಡುವವನ ಹಾಗೆ. ಅವಳು ಒತ್ತುತ್ತಿದ್ದಳು.

ಪೇಪರಿನ ಮೇಲೆ ಮಸಿ ಸಣ್ಣ ಗುಡ್ಡೆಯಾಯಿತು. ಅದನ್ನು ಏನು ಮಾಡಬೇಕೆಂದು ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ. ಆಮೇಲೆ ಪೇಪರನ್ನು ಮಡಿಸಿ ಕಸದ ಡಬ್ಬಿಗೆ ಹಾಕಿದಳು.

ಪಿ.ಸಿ.ವಿ. ವಾಲ್ವನ್ನು ಇರಣ್ಣ ತೊಳೆದ. ಅಲ್ಲಾಡಿಸಿ, "ಆತು ನೋಡ್ರಿ, ಸಪ್ಪಳ ಬರಾಕತ್ತೇತಿ," ಅಂದ.

"ಇಲ್ಲ, ಇನ್ನೂ ಆಗಿಲ್ಲ."

"ನಿಮಗ ಹೆಂಗ್ ಗೊತ್ರಿ? ನೋಡೇ ಇಲ್ಲ ಅಂತೀರಿ."

"ಕೇಳಿದೀನಿ. ಇನ್ನೊಂಚೂರು ಸ್ಪ್ರೇ ಹೊಡೀರಿ."

ಅವನು ಮತ್ತೆ ತೊಳೆದ, ಒರೆಸಿದ. ಇನ್ನೊಂದು ವಿಮಾನ ಬಂತು. ಅದು ಹೋಗುವ ತನಕ ವಾಲ್ವನ್ನು ಹಿಡಿದುಕೊಂಡು ಕಾದು ನಿಂತು, ಆಮೇಲೆ ಅಲ್ಲಾಡಿಸಿದ. ಗಲಗಲ. ಕುಮುದಾ ಥಟ್ಟನೆ ಎದ್ದಳು. ಎರಡು ಹೆಜ್ಜೆ ಅಡುಗೆಮನೆಯ ಕಡೆ ಇಟ್ಟಾಗಿತ್ತು. ನಿಂತು, "ಈಗಾಯ್ತು," ಅಂದಳು. "ಕಾಫಿ ತರ್ತೀನಿ."

ಎಲ್ಲ ಜೋಡಿಸಿ ಬ್ಯಾಟರಿಯ ತಂತಿ ಹಾಕಿ ಸ್ಟಾರ್ಟ್ ಮಾಡಿದರು. ಇಂಜಿನ್ ಮೊದಲು ಕೆಮ್ಮಿತು, ಒಂದಿಷ್ಟು ಬಿಳಿಹೊಗೆ ಬಿಟ್ಟಿತು, ಆಮೇಲೆ ಒಂದೇ ಸಮನೆ ಓಡತೊಡಗಿತು. ನಡುಕವಿಲ್ಲ. ದೀಪ ಆರಿತ್ತು. ಇರಣ್ಣ ಗೆದ್ದವನಂತೆ ಸ್ಟೀರಿಂಗ್ ಮೇಲೆ ತಾಳ ಹಾಕಿದ. "ಈಗಿಂದೀಗ ಟೆಸ್ಟಿಗೆ ಒಯ್ಯಬ್ಯಾಡ್ರಿ ಮತ್ತ. ಕಂಪ್ಯೂಟರಿನ ತಲಿ ಖಾಲಿ ಆಗಿರ್ತೈತಿ. ಹೈವೇ ಮ್ಯಾಲೆ ಒಂದ ಸ್ಪೀಡಿನ್ಯಾಗ ದೂರ ಓಡಿಸ್ರಿ, ಎಲ್ಲಾ ಮತ್ತ ಕಲೀತೈತಿ. ಲೈಟ್ ಬರಲಿಲ್ಲಂದ್ರ ಪಾಸಾದಂಗ."

ದಿಯಾ ಬಂದಾಗ ಅವನು ಇನ್ನೂ ಇದ್ದ. ಬ್ಯಾಂಡಿನ ಕಪ್ಪು ಪ್ಯಾಂಟು, ಬೆವರಿಗೆ ಅಂಟಿದ ಕೂದಲು, ಕೈಯಲ್ಲಿ ಕ್ಲಾರಿನೆಟ್ ಪೆಟ್ಟಿಗೆ. ಗರಾಜಿನ ಬಾಗಿಲು ತೆರೆದಿರುವುದನ್ನು ಕಂಡು ಓಡಿ ಬಂದಳು. ಇಂಜಿನ್ ಸದ್ದು ಕೇಳಿ ಬಾಯಿ ತೆರೆದು ಅಮ್ಮನನ್ನು ನೋಡಿದಳು, ಅಮ್ಮನ ಕಪ್ಪು ಕೈಗಳನ್ನು ನೋಡಿದಳು. ಕುಮುದಾ ಬೆಳಗಿನಿಂದ ಕಾದಿದ್ದ ಮುಖ ಅದೇ.

"ನೀನು ಮಾಡಿದ್ಯಾ? ಯು?"

"ನಾನೂ ಇದ್ನವಾ," ಅಂದ ಇರಣ್ಣ. "ನನಗೂ ಒಂದ್ ಥ್ಯಾಂಕ್ಸ್ ಒಗೀ."

ಅವಳು ನಗುತ್ತ ಡ್ರೈವರ್ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ನೋಡಿದಳು. ದೀಪವಿಲ್ಲ. ಗಡಿಯಾರ ಹೊತ್ತು ಮರೆತು ಒಂದು ಗಂಟೆ ತೋರಿಸುತ್ತ ಮಿಣುಕುತ್ತಿತ್ತು. ಅವಳ ನಗು ಅಲ್ಲೇ ನಿಧಾನವಾಯಿತು. ಬಾಗಿಲಿನ ಕಡೆ ಕೈ ಹೋಯಿತು. ಎರಡನ್ನು ಒತ್ತಿದಳು. ಸೀಟು ಅಲುಗಲಿಲ್ಲ. ಮತ್ತೆ ಒತ್ತಿದಳು. ಒತ್ತಿ ಹಿಡಿದಳು.

"ಬ್ಯಾಟರಿ ತೆಗೆದ್ರಾ?"

"ಹೂಂ, ತೆಗೀಬೇಕಂತಲ್ಲ..."

ದಿಯಾ ಇಳಿದು ಟೂಲ್ ಬಾಕ್ಸ್ ನೋಡಿದಳು, ಸುತ್ತ ನೋಡಿದಳು. ಶೆಲ್ಫಿನ ಮೇಲಿದ್ದ ಪುಟ್ಟ ಬ್ಯಾಟರಿ ಕಣ್ಣಿಗೆ ಬಿತ್ತು, ಎತ್ತಿಕೊಂಡಳು. "ಅಪ್ಪ ಇದನ್ನ ಮೊದ್ಲು ಲೈಟರ್ ಸಾಕೆಟ್‌ಗೆ ಹಾಕ್ತಿದ್ರು. ಆಮೇಲೆ ಬ್ಯಾಟರಿ ತೆಗೀತಿದ್ರು. ಸೋ ದ ಸೀಟ್ ವುಡ್ ರಿಮೆಂಬರ್. ಇಲ್ದಿದ್ರೆ ಅಳತೆ ಅಳಿಸಿಹೋಗುತ್ತೆ." ಅವಳ ಸ್ವರ ಏರಲಿಲ್ಲ. "ನಂಗೆ ಗೊತ್ತಿತ್ತು. ನನ್ನ ಕೇಳ್ಬೋದಿತ್ತು, ಅಮ್ಮ."

ಇರಣ್ಣನಿಗೆ ಏನೂ ಅರ್ಥವಾಗಲಿಲ್ಲ. "ಸೀಟ್ ಹೋದ್ರ ಏನಾತು ಪುಟ್ಟಿ, ಮತ್ತ ಸೆಟ್ ಮಾಡ್ಕೊಂಡ್ರಾತು. ಎರಡ್ ಮಿನಿಟಿನ್ ಕೆಲಸ."

ದಿಯಾ ಅವನನ್ನು ನೋಡಿದಳು. ಆ ಬ್ಯಾಟರಿಯನ್ನು ಇದ್ದಲ್ಲೇ ಇಟ್ಟು ಒಳಗೆ ಹೋದಳು. ಮೆಟ್ಟಿಲು ಹತ್ತುವ ಸದ್ದು, ಕೋಣೆಯ ಬಾಗಿಲಿನ ಸದ್ದು. ಬಾಗಿಲನ್ನು ಅವಳು ಬಡಿಯಲಿಲ್ಲ, ಮೆತ್ತಗೆ ಹಾಕಿಕೊಂಡಳು. ಕುಮುದಾ ಇರಣ್ಣನಿಗೆ ಕಡಿಮೆ ಮಾತಿನಲ್ಲಿ ವಿಷಯ ಹೇಳಿದಳು. ಅವನು ಕೈಯಲ್ಲಿದ್ದ ಚಿಂದಿಯಿಂದ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. "ನಾನ ಹೇಳಿದ್ನಿ ತೆಗೀರಿ ಅಂತ. ನನಗ ತಿಳೀಲಿಲ್ರಿ ವೈನಿ," ಎಂದು, ಕಾಫಿಯ ಲೋಟವನ್ನು ತಾನೇ ತೊಳೆದಿಟ್ಟು ಹೋದ.

ಮಧ್ಯಾಹ್ನ ಕುಮುದಾ ಬಟ್ಟೆ ಮಡಿಸಿದಳು. ಮಗಳ ಕೋಣೆಯ ಹೊರಗೆ ಮೊಸರನ್ನದ ಬಟ್ಟಲು ಇಟ್ಟು, ಬಾಗಿಲು ತಟ್ಟಿ ಬಂದಳು. ಸ್ವಲ್ಪ ಹೊತ್ತಿಗೆ ಬಟ್ಟಲು ಒಳಗೆ ಹೋಯಿತು. ಊಟ ಮಾಡುತ್ತಾಳಲ್ಲ ಎಂದು ಒಂದು ಸಮಾಧಾನ. ಉಗುರಿನ ಸಂದಿನ ಮಸಿ ನಿಂಬೆಹೋಳಿನಿಂದ ತಿಕ್ಕಿದರೂ ಹೋಗಲಿಲ್ಲ.

ಬಿಸಿಲಿಳಿದ ಮೇಲೆ ಅವಳು ಗರಾಜಿಗೆ ಹೋಗಿ ಕಾರಿನೊಳಗೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು. ಕಾಯಿಲೆಗೆ ಮುಂಚೆ, ಅಷ್ಟೂ ವರ್ಷ ಅವಳು ಕೂತದ್ದು ಅಲ್ಲೇ. ಆಸ್ಟಿನ್‌ಗೆ ನೆಂಟರ ಮನೆಗೆ ಹೋಗುವಾಗ, ಹ್ಯೂಸ್ಟನ್‌ಗೆ ಬದರಿನಾಥನ ಮನೆಯ ಹಬ್ಬಕ್ಕೆ ಹೋಗುವಾಗ, ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು ಕಿತ್ತಳೆ ಸುಲಿಯುತ್ತಿದ್ದಳು. ನಾರು ಬಿಡಿಸಿ ಒಂದೊಂದೇ ತೊಳೆಯನ್ನು ಎಡಗೈಯಿಂದ ಅವನ ಬಾಯಿಯ ಹತ್ತಿರ ಹಿಡಿಯುತ್ತಿದ್ದಳು. ಅವನು ರಸ್ತೆಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ, ಅವಳು ಹಣ್ಣಿನ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಕೈ ತಾನಾಗಿ ಹೋಗುತ್ತಿತ್ತು.

ಅವಳು ಎದ್ದು ಒಳಗೆ ಹೋಗಿ ಮಗಳ ಬಾಗಿಲು ತಟ್ಟಿದಳು. "ದಿಯಾ, ಬಾ. ನಂಗೆ ಗೊತ್ತಿದೆ ಅಪ್ಪನ ಸೀಟು ಎಲ್ಲಿತ್ತು ಅಂತ."

ದಿಯಾ ಬಂದಳು. ಕಣ್ಣು ಊದಿತ್ತು. ಡ್ರೈವರ್ ಸೀಟಿನಲ್ಲಿ ಕೂತು, ಸೀಟಿನ ಬದಿಯ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದಳು. ಮೊದಲು ತಮ್ಮಿಬ್ಬರ ಅಳತೆ ಕೂರಿಸಿದರು. ಅದು ಸುಲಭ, ಕಾಲು ಎಲ್ಲಿ ಸಿಗಬೇಕು, ಕನ್ನಡಿ ಎಲ್ಲಿ ಕಾಣಬೇಕು ಎಂದು ಇಬ್ಬರಿಗೂ ಗೊತ್ತು. ಆಮೇಲೆ ಪಕ್ಕದ ಸೀಟಿನಲ್ಲಿ ಕೂತಿದ್ದ ಕುಮುದಾ, "ಹಿಂದೆ ತಗೋ," ಅಂದಳು. ಕಣ್ಣು ಮುಚ್ಚಿದಳು. ಎಡಗೈಯನ್ನು, ಬೆರಳ ತುದಿಯಲ್ಲಿ ತೊಳೆಯೊಂದು ಇರುವಂತೆ, ಡ್ರೈವರ್ ಸೀಟಿನತ್ತ ಚಾಚಿದಳು.

"ಇನ್ನೂ. ಇನ್ನೊಂಚೂರು. ತಲೆ ಒರಗೋ ಜಾಗ ನನ್ನ ಬೆರಳಿಗೆ ಹತ್ತಬೇಕು. ಕೆಳಗೆ ಮಾಡು. ಈಗ ಒರಗಿಸು."

ಸದ್ದು ಹೋಯಿತು, ನಿಂತಿತು, ಮತ್ತೆ ಹೋಯಿತು, ಹಿಂದೆ ಬಂತು. ಕುಮುದಾ ಕೈಯನ್ನು ಕೆಳಗಿಟ್ಟು ಮತ್ತೆ ಚಾಚಿದಳು. ಪ್ರತಿ ಸಲವೂ ಅದು ಬೇರೆ ಬೇರೆ ಜಾಗಕ್ಕೆ ಹೋಗುತ್ತಿತ್ತು. ಯೋಚಿಸಿದ ಕೂಡಲೇ ಕೈಗೆ ಮರೆತುಹೋಗುತ್ತಿತ್ತು. ಕೊನೆಯ ವರ್ಷವೆಲ್ಲ ಅವಳು ಕೂತದ್ದು ಆಚೆ ಸೀಟಿನಲ್ಲಿ. ಅವನು ಹಣ್ಣು ತಿನ್ನುವುದನ್ನೂ ಬಿಟ್ಟಿದ್ದ. ಕಣ್ಣು ತೆರೆದಳು. ದಿಯಾ ಆ ದೊಡ್ಡ ಸೀಟಿನಲ್ಲಿ ಉಸಿರು ಹಿಡಿದು ಕೂತು ಅವಳನ್ನೇ ನೋಡುತ್ತಿದ್ದಳು.

"ಇದೇ," ಅಂದಳು ಕುಮುದಾ.

"ಆರ್ ಯು ಶೂರ್?"

"ಇಷ್ಟು ವರ್ಷ ಪಕ್ಕದಲ್ಲಿ ಕೂತಿಲ್ವೇನೇ? ಇದೇ. ಒತ್ತು."

ದಿಯಾ ಅಳತೆ ಉಳಿಸುವ ಸೆಟ್ ಬಟನ್ ಹಿಡಿದು ಎರಡನೆಯದನ್ನು ಒತ್ತಿದಳು. ಬೀಪ್ ಎಂದಿತು. ತಲೆಯನ್ನು ಹಿಂದಕ್ಕೆ ಒರಗಿಸಿ, ಒಂದು ನಿಮಿಷ ಕಣ್ಣು ಮುಚ್ಚಿ ಕೂತು, "ಯಾ, ಹೀಗೇ ಇತ್ತು," ಅಂದಳು. ಅಮ್ಮನ ಕೈ ಹಿಡಿದುಕೊಂಡಳು. ಉಗುರಿನ ಮಸಿಯನ್ನು ನೋಡಿ, "ಯು ಲುಕ್ ಲೈಕ್ ಅಪ್ಪ," ಎಂದು ಸ್ವಲ್ಪ ನಕ್ಕಳು.

ಆಯುಧಪೂಜೆಯ ದಿನ ಕಾರಿನ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ವೈಪರಿಗೆ ಚೆಂಡು ಹೂವಿನ ಮಾಲೆ ಸಿಕ್ಕಿಸಿ, ನಾಲ್ಕು ಚಕ್ರಗಳಡಿಗೆ ನಿಂಬೆಹಣ್ಣಿಟ್ಟರು. ದಿಯಾ ಮುಂದಕ್ಕೆ ಓಡಿಸಿದಳು. ನಿಂಬೆಹಣ್ಣು ಪಟ್ ಎಂದು ಅಪ್ಪಚ್ಚಿಯಾಗಿ ಡ್ರೈವ್‌ವೇ ತುಂಬ ಅದರ ವಾಸನೆ ಎದ್ದಿತು. ಎದುರು ಮನೆಯ ಮುದುಕ ಹುಲ್ಲಿಗೆ ನೀರು ಬಿಡುತ್ತ ನಿಂತವನು, ಹೋದ ವರ್ಷ ಕಾಣಲಿಲ್ಲವಲ್ಲ ಎಂದು ಕೈಯೆತ್ತಿದ.

ಆ ಶನಿವಾರ ಹ್ಯೂಸ್ಟನ್‌ಗೆ ಹೊರಟರು. ಕಾರಿಗೆ ದೂರದ ಓಟ ಬೇಕಿತ್ತು. ಬದರಿನಾಥನ ಹೆಂಡತಿ ವಸುಧಾ, ದಸರೆ ಮುಗಿದರೂ ಬೊಂಬೆಗಳನ್ನು ಇನ್ನೂ ತೆಗೆದಿಟ್ಟಿಲ್ಲ, ನೀವು ಬಂದು ನೋಡಿದ ಮೇಲೆಯೇ ಎತ್ತಿಡುವುದು ಎಂದು ಫೋನಿನಲ್ಲಿ ಗದರಿದ್ದಳು. ಜಯಂತ ಹೋದ ಮೇಲೆ ಅವರು ಆ ರಸ್ತೆ ಹಿಡಿದಿರಲಿಲ್ಲ. ದಿಯಾಳೇ ಓಡಿಸಿದಳು. ಊರು ಕಳೆದು ಎರಡೂ ಬದಿಗೆ ಹುಲ್ಲುಗಾವಲು ಬಂತು, ಆಮೇಲೆ ಪೈನ್ ಮರಗಳು. ಜಯಂತನಿಗೆ ವಾಂತಿ ಬಂದಾಗ ಕುಮುದಾ ಕಾರು ನಿಲ್ಲಿಸುತ್ತಿದ್ದ ಪೆಟ್ರೋಲ್ ಬಂಕ್ ಬಂತು. ಇಬ್ಬರೂ ಅದನ್ನು ನೋಡಿದರು. ದಿಯಾ ಆಗಾಗ ಡ್ಯಾಶ್‌ಬೋರ್ಡಿನ ಕಡೆ ಕಣ್ಣು ಹಾಯಿಸುತ್ತಿದ್ದಳು. ಹಳದಿ ದೀಪ ಹತ್ತಲಿಲ್ಲ. ಇಂಜಿನ್ ಒಂದೇ ಸಮನೆ ಓಡುತ್ತಿತ್ತು.

"ಇಟ್ಸ್ ಲರ್ನಿಂಗ್," ಅಂದಳು.

ಕುಮುದಾ ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು ಕಿತ್ತಳೆ ಸುಲಿದಳು. ನಾರು ಬಿಡಿಸುತ್ತ, ಬಗ್ಗಿದ ತಲೆ ಎತ್ತದೆ, ಒಂದು ತೊಳೆಯನ್ನು ಎಡಗೈಯಲ್ಲಿ ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ. ನೋಡಿದರೆ ಕೈ ದಿಯಾಳ ಕಿವಿಯ ಹಿಂದೆ, ಎತ್ತರದಲ್ಲಿ, ಬರೀ ಗಾಳಿಯಲ್ಲಿತ್ತು. ದಿಯಾ ರಸ್ತೆ ನೋಡುತ್ತಲೇ ಕತ್ತನ್ನು ಹಿಂದಕ್ಕೆ ಚಾಚಿ ಬಾಯಿ ತೆರೆದಳು. ಕುಮುದಾ ಕೈಯನ್ನು ಮುಂದಕ್ಕೆ ತಂದು ತೊಳೆಯನ್ನು ಅವಳ ಬಾಯಿಗಿಟ್ಟಳು. ಮುಂದಿನ ತೊಳೆಗೆ ಕೈ ಸರಿಯಾದ ಜಾಗಕ್ಕೇ ಹೋಯಿತು.

ಮಿಸೌರಿ ಸಿಟಿಯ ಮನೆಯ ಮುಂದೆ ಬದರಿನಾಥ ಆಗಲೇ ಹೊರಗೆ ಬಂದು ನಿಂತಿದ್ದ. ಕಾರನ್ನು ಕಂಡು ಎತ್ತಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, ಆಮೇಲೆ ಪೂರ್ತಿ ಎತ್ತಿದ. ದಿಯಾ ನಿಲ್ಲಿಸಿ, ಇಂ‌ಜಿನ್ ಆರಿಸಿದಳು. "ದೀಪ ಬರ್ಲಿಲ್ಲ ಅಮ್ಮ! ಸೋಮವಾರ ಟೆಸ್ಟ್. ಇದು ನಮ್ದೇ." ಬೆಲ್ಟ್ ಬಿಚ್ಚಿದಳು. ಅಮ್ಮನ ಕಡೆ ನೋಡಿ, ಈಗ ಮುಚ್ಚಿಡದೆ, ಎರಡನೇ ಬಟನ್ ಒತ್ತಿದಳು.

ಉದ್ದನೆಯ ಜುಂಯ್. ಆಮೇಲೆ ತಗ್ಗುವ ಇನ್ನೊಂದು. ಕೊನೆಗೆ ಆ ಸಣ್ಣ ನರಳು ಶುರುವಾಯಿತು. ಕುಮುದಾ ಅಡುಗೆಮನೆಯಲ್ಲಿ ನಿಂತವಳ ಹಾಗೆ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಟಕ್.

ಆ ನರಳು ಮೊದಲಿನಷ್ಟು ಉದ್ದವಿರಲಿಲ್ಲ. ಅವಳು ಇನ್ನೂ ಕೇಳುತ್ತಲೇ ಇದ್ದಳು.

"ಏನಮ್ಮ?"

"ಏನಿಲ್ಲ ಪುಟ್ಟಾ. ಇಳಿ, ಅಂಕಲ್ ಕಾಯ್ತಿದ್ದಾರೆ."

ದಿಯಾ ಇಳಿದು ಓಡಿದಳು. ಕುಮುದಾ ತೊಡೆಯ ಮೇಲಿನ ಬಟ್ಟೆಯ ನಾಲ್ಕು ಮೂಲೆಗಳನ್ನೂ ಒಟ್ಟುಗೂಡಿಸಿ, ಕಿತ್ತಳೆಯ ಸಿಪ್ಪೆ ಚೆಲ್ಲದಂತೆ ಗಂಟು ಹಾಕಿದಳು. ಬಿಸಿಯಾಗಿದ್ದ ಇಂಜಿನ್ ಆರುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಪಕ್ಕದ ಖಾಲಿ ಸೀಟಿನ ತಲೆಯೊರಗಿನ ಮೇಲೆ ಕೈಯಿಟ್ಟು, ಮೆಲ್ಲಗೆ ಹಿಂದಕ್ಕೆ ಒತ್ತಿ ನೋಡಿದಳು.